ತೊಗಟೆಯ ಮೇಲಿನ ಅಂಕಿ

ಬಾಟಲಿಗೆ ಬಿರಡೆಯಾಗುವ ಓಕ್ ಮರ ಇದು.
ಒಮ್ಮೆ ತೊಗಟೆ ಸುಲಿದರೆ
ಒಂಬತ್ತು ವರ್ಷ ಮುಟ್ಟುವಂತಿಲ್ಲ.
ಲೆಕ್ಕ ತಪ್ಪದಿರಲೆಂದು ಹಸಿ ಕೆಂಪು ಮೈಮೇಲೆ
ಆ ವರ್ಷದ ಕೊನೆಯ ಅಂಕಿ ಬರೆಯುತ್ತೇವೆ, ಬಿಳಿ ಬಣ್ಣದಲ್ಲಿ.
ಅಲೆಂತೆಜುವಿನ ಈ ಬಯಲಲ್ಲಿ
ಕೊಡಲಿ ಗಂಡಸರದು,
ಕುಂಚ ನನ್ನದು.

ಬಾವಿಕಟ್ಟೆಯ ಮರಕ್ಕೆ ಮೊದಲು ಬರೆದದ್ದು ಐದು.
ಎಪ್ಪತ್ತೈದರ ಬೇಸಿಗೆ. ಧಣಿ ಲಿಸ್ಬನ್ನಿಗೆ ಓಡಿದ್ದ,
ಅವನ ನಾಯಿ ನಮ್ಮ ಪಾಲಿಗೆ ಉಳಿದಿತ್ತು.
ಟ್ರ್ಯಾಕ್ಟರ್ ಹತ್ತಿ ಬೆಲ್ಮಿರೊ ಅಣ್ಣ ಕೂಗಿದ:
ಉಳುವವನೇ ಹೊಲದೊಡೆಯ!
ನನಗೆ ಹತ್ತೊಂಬತ್ತು. ಗಂಟಲು ಕಟ್ಟುವ ತನಕ ಕೂಗಿದೆ.
ಆ ಮಾತು ಸುಳ್ಳೆಂದು
ಈಗಲೂ ಹೇಳಲಾರೆ.

ನಾಲ್ಕು ಬರೆಯುವ ಹೊತ್ತಿಗೆ ಸಂಘದ ಲೆಕ್ಕ ನನ್ನ ಕೈಗೆ ಬಂದಿತ್ತು.
ಹಾಜರಿಯಲ್ಲಿ ಅರವತ್ತೆರಡು ಜನ, ಹೊಲದಲ್ಲಿ ನಲವತ್ತು.
ಎಲ್ಲರದೂ ಆದ ಟ್ರ್ಯಾಕ್ಟರಿಗೆ
ಎಣ್ಣೆ ಬಿಡುವವರು ಯಾರೂ ಇರಲಿಲ್ಲ.
ಸಭೆಯಲ್ಲಿ ಕೇಳಿದೆ.
'ಇಂಥ ಪ್ರಶ್ನೆ ಧಣಿಯ ಕಿವಿಗೆ ಜೇನು' ಎಂದ ಅಣ್ಣ.
ನಾನು ಬಾಯಿ ಮುಚ್ಚಿಕೊಂಡೆ.
ಲೆಕ್ಕದ ಪುಸ್ತಕ ಮುಚ್ಚಲಿಲ್ಲ.

ಮೂರರ ವರ್ಷ ನಾನು ಅಂಗಡಿಯವಳು.
ಯುರೋಪಿನ ಸಾಲದಲ್ಲಿ ಬಂದ ಗಾಜಿನ ಫ್ರಿಜ್ಜು,
ಬಾಗಿಲಿಗೆ ನನ್ನದೇ ಹೆಸರು: ಜುಲ್ಮಿರಾ.
ಮರಗಳು ಮತ್ತೆ ಧಣಿಯ ಮಗನವು;
ಅವಕ್ಕೂ ನಾನೇ ಅಂಕಿ ಬರೆದೆ, ಕೂಲಿ ಎಣಿಸಿಕೊಂಡೆ.
'ದುಡಿಯುವವರಿಗೆ ದಾರಿ ಇದ್ದೇ ಇರುತ್ತದೆ' ಎಂದು
ಕಡ ಕೇಳಲು ಬಂದ ಎರ್ಮೆಲಿಂದಾಳಿಗೆ ಬುದ್ಧಿ ಹೇಳಿದೆ,
ರೊಟ್ಟಿ ಕೊಡಲಿಲ್ಲ.
ಅಣ್ಣ ಬೀದಿಯಲ್ಲೇ ನಿಂತು ಅಂದ:
ಗಾಳಿ ಬಂದಾಗ ತೂರಿಕೊಳ್ಳುವವಳು! ಊಸರವಳ್ಳಿ!
ಆಮೇಲೆ ಮಾತಿಲ್ಲ.
ಆದರೂ ಸುಲಿಗೆಯ ಕಾಲದಲ್ಲಿ ಅದೇ ಮರ,
ಅವನು ಮೇಲೆ, ನಾನು ಕೆಳಗೆ.

ಕೊಡಲಿಗೆ ಕಿವಿ ಇರಬೇಕು ಎನ್ನುತ್ತಿದ್ದ ಅಪ್ಪ.
ಟೊಳ್ಳು ಸದ್ದು ಬಂದರೆ ತೊಗಟೆ ತಾನೇ ಬಿಡುತ್ತದೆ.
ಸದ್ದು ಗಟ್ಟಿಯಾದರೆ ಕೈ ತಡೆ,
ಒಳಗೆ ತಾಯಿಪದರ ಇದೆ.
ಅದಕ್ಕೆ ಏಟು ಬಿದ್ದ ಕಡೆ
ಮರ ಮತ್ತೆ ಕೊಡುವುದಿಲ್ಲ.

ಎರಡು.
ಬಾಟಲಿಗಳಿಗೆ ತಿರುಪಿನ ಮುಚ್ಚಳ ಬಂತು.
ಮಾರುಕಟ್ಟೆ ಕೇಳುತ್ತಿಲ್ಲ ಎಂದು ಕೂಲಿ ಕಡಿದರು.
ಹತ್ತು ವರ್ಷ ದೀಪ ಹಚ್ಚಿದ್ದೆ ಆ ದೇವರಿಗೆ,
ಅದಕ್ಕೆ ನನ್ನ ಮುಖದ ಗುರುತೇ ಇರಲಿಲ್ಲ.

ಒಂದು.
ಅಂಗಡಿಗೆ ಬೀಗ, ಪಿಂಚಣಿಗೆ ಕತ್ತರಿ.
ಎವೊರಾದ ಮೆರವಣಿಗೆಯಲ್ಲಿ ಅಣ್ಣನ ಪಕ್ಕ ನಡೆದೆ.
'ನಾನು ಹೇಳಿರಲಿಲ್ಲವೇ' ಅನ್ನುತ್ತಾನೆಂದು ಕಾದೆ.
ಹಿಂದಿರುಗುವ ಬಸ್ಸಿನಲ್ಲಿ ಕಿತ್ತಳೆ ಸುಲಿಯುತ್ತಾ ಅಂದ:
'ಎಂಬತ್ತೇಳರಲ್ಲಿ ನಾನು ಬಲದವರಿಗೆ ಓಟು ಹಾಕಿದ್ದೆ.'
ಯಾಕೆ?
'ಸುಸ್ತಾಗಿತ್ತು.'
ಇಪ್ಪತ್ನಾಲ್ಕು ವರ್ಷ!
ಆ ಓಟನ್ನು ಜೇಬಲ್ಲಿಟ್ಟುಕೊಂಡೇ
ನನ್ನನ್ನು ಊಸರವಳ್ಳಿ ಅಂದಿದ್ದ.
ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು.
ಅರ್ಧ ಕಿತ್ತಳೆ ಚಾಚಿದ. ತಿಂದೆ. ಹುಳಿ.

ಸೊನ್ನೆ ಬರೆದಾಗ ಅಣ್ಣ ಇರಲಿಲ್ಲ.
ತೊಗಟೆ ಹೊರಲು ನೇಪಾಳದ ಹುಡುಗ, ಕೇಶರ್.
ಹೊರಗಿನವರು ನಮ್ಮ ಅನ್ನ ಕಿತ್ತರು ಅನ್ನುತ್ತಾರೆ ಕಾಫಿಯಂಗಡಿಯಲ್ಲಿ.
ನಾನೂ ಒಂದು ದಿನ ಅರ್ಧ ತಲೆಯಾಡಿಸಿದ್ದೆ.
ಇನ್ನರ್ಧ ಯಾಕೋ ಆಡಲಿಲ್ಲ.

'ಅಜ್ಜಿ, ಹಳೆಯ ಅಂಕಿಗಳೆಲ್ಲ ಎಲ್ಲಿ?' ಕೇಳಿದ ಕೇಶರ್.
ತೊಗಟೆಯ ಜೊತೆ ಹೋದವಪ್ಪ,
ಯಾರದೋ ಮದುವೆಯ ಬಾಟಲಿಯಿಂದ ಟಪ್ ಎಂದು ಹಾರಿದವು.
'ಹಾಗಾದರೆ ಇದು?'
ಬೆರಳಿಟ್ಟು ತೋರಿಸಿದ:
ಕೊಂಬೆಯ ಕೆಳಗೆ ಗೇಣುದ್ದ ಗಾಯ,
ಅಂಚು ದಪ್ಪಗಟ್ಟಿದೆ, ನಡುವೆ ಏನೂ ಬೆಳೆದಿಲ್ಲ.

ಅದು ಮೂರರ ವರ್ಷದ್ದು.
ನಾವು ಮಾತು ಬಿಟ್ಟ ಬೇಸಿಗೆ
ಅಣ್ಣನ ಕೈ ಸದ್ದು ಕೇಳಿಸಿಕೊಳ್ಳಲಿಲ್ಲ.

ಮುಂದಿನದು ಒಂಬತ್ತು. ಆಗ ನನಗೆ ಎಪ್ಪತ್ಮೂರು.
ಕುಂಚ ತೊಳೆದು ಡಬ್ಬಿಯಲ್ಲಿಟ್ಟಿದ್ದೇನೆ.