ಗ್ರಿಪ್

ಡಿಪೋದ ಪುಸ್ತಕದಲ್ಲಿ ಪೆನ್ಸಿಲಿನ ಅಕ್ಷರ:
'ಬುಧವಾರ. ಮೇಲಿನ ರಸ್ತೆ.
ಗ್ರಿಪ್ ಹದಿನಾಲ್ಕು, ತೆಗೆದಾಯಿತು.'
ಕೆಲಸಕ್ಕೆ ಸೇರಿ ಆಗಿನ್ನೂ ಎಂಟು ದಿನ,
ಲೀಡ್ಸಿನ ಕಾಂಕ್ರೀಟಿನಲ್ಲಿ ಬೆಳೆದವಳು ನಾನು.
ಸೈಕಲ್ಲಿನ ಹ್ಯಾಂಡಲ್ಲಿಗೆ ತೊಡಿಸುವ ರಬ್ಬರೋ,
ಸವೆದ ಟೈರು ಹಿಮದ ಮೇಲೆ ಕಳೆದುಕೊಳ್ಳುವುದೋ,
ಅಂಥದ್ದನ್ನು ಹದಿನಾಲ್ಕು ಸಲ ತೆಗೆದು
ಈ ಮನುಷ್ಯ ಎಲ್ಲಿಟ್ಟ
ಎಂದು ಪೆನ್ನು ಕಚ್ಚಿ ಕೂತೆ.

ಸೆಪ್ ಆಲ್ಡರ್ಸನ್ ನಗಲಿಲ್ಲ.
ಏಳನೆಯವನೆಂದು ಆ ಹೆಸರು;
ಅವನು ಹುಟ್ಟುವಷ್ಟರಲ್ಲಿ ಅಪ್ಪನ ಬಳಿ
ಹೆಸರುಗಳು ಮುಗಿದು ಅಂಕಿಗಳೇ ಉಳಿದಿದ್ದವಂತೆ.
ವ್ಯಾನಿನ ಬಾಗಿಲು ತೆಗೆದು 'ಹತ್ತು' ಅಂದ.

ಸ್ವೇಲ್ ಕಣಿವೆಗೆ ಮಳೆ ಹಿಡಿದು ಮೂರು ದಿನ.
ಕಲ್ಲುಗೋಡೆಗೆ ಬೆನ್ನು ಕೊಟ್ಟ ಕುರಿಗಳು.
ಇಳಿಯಲು ಎಡೆ ಕಾಣದೆ
ರಸ್ತೆಯನ್ನೇ ಹಿಡಿದು ನಡೆದಿತ್ತು ನೀರು,
ಊರಿಗೆ ಹೊಸದಾಗಿ ಬಂದ ಪೋಸ್ಟ್‌ಮ್ಯಾನಿನ ಹಾಗೆ.
ಹುಲ್ಲಂಚಿಗೆ ಸಲಿಕೆ ಊರಿ ಓರೆಯಾಗಿ ಕೊಯ್ದ:
ಸಲಿಕೆಯಷ್ಟು ಅಗಲ, ಗೇಣು ಆಳ,
ಟಾರಿನಂಚಿನಿಂದ ಆಚೆಯ ಚರಂಡಿಗೆ ಐದೇ ಹೆಜ್ಜೆ.
ನೀರು ಅನುಮಾನಿಸಿತು.
ಒಣ ಎಲೆಯೊಂದನ್ನು ಮುಂದೆ ಕಳಿಸಿ ನೋಡಿತು.
ಆಮೇಲೆ ಇಡಿಯಾಗಿ ತಿರುಗಿತು.
'ಗ್ರಿಪ್' ಅಂದ.

'ಹಿಡಿಯುವುದೇ ಇಲ್ಲವಲ್ಲ ಇದು,
ಬಿಟ್ಟುಬಿಡುತ್ತದಲ್ಲ?'

'ಪದ ನಾನು ಮಾಡಿದ್ದಲ್ಲ.
ಕೊಟ್ಟಿಗೆಯ ಗಂಜಲದ ಕಾಲುವೆಗೂ ಅಜ್ಜಿ
ಇದನ್ನೇ ಅನ್ನುತ್ತಿದ್ದಳು.
ನಿಮ್ಮ ಕಚೇರಿಯ ಕಾಗದದಲ್ಲಿ ಇದು
ರಸ್ತೆ ಮೇಲ್ಮೈ ನೀರಿನ ಪಾರ್ಶ್ವ ವಿಸರ್ಜನಾ ವ್ಯವಸ್ಥೆ.
ಅಷ್ಟುದ್ದದ್ದು ತೋಡಲು
ನನಗೆ ಪುರುಸೊತ್ತಿಲ್ಲ.'

ಫ್ಲಾಸ್ಕಿನ ಮುಚ್ಚಳ ತೆಗೆದುಕೊಡೆಂದು ನನ್ನ ಕೈಗಿತ್ತ.
ಆಗ ಕಂಡೆ, ಬಲಗೈಯ ಕಿರುಬೆರಳು, ಉಂಗುರಬೆರಳು
ಅಂಗೈಯೊಳಕ್ಕೆ ಮಡಚಿ ಬಿಗಿದಿದ್ದವು,
ಇಲ್ಲದ ಹಿಡಿಕೆಯೊಂದರ ಸುತ್ತ.
ಅಪ್ಪನಿಗೂ ಹೀಗೇ, ಮೂರನೆಯ ಅಣ್ಣನಿಗೂ.
ಡಾಕ್ಟರು ಕೊಯ್ದು ಬಿಡಿಸುತ್ತಾರಂತೆ.
'ಬಿಡಿಸಿದ ಕೈ ಇಟ್ಟುಕೊಂಡು ಏನು ಮಾಡಲಿ?'
ಎರಡು ಗುಟುಕು ಕುಡಿದು ಉಳಿದ ಚಹಾ ಹುಲ್ಲಿಗೆ ಚೆಲ್ಲಿದ.
ಅದೂ ಅದೇ ದಾರಿ ಹಿಡಿಯಿತು.

ಈ ಕೊಯ್ತಗಳು ಬಾಳುವುದು ಒಂದು ಚಳಿಗಾಲ.
ಕೆಸರು ತುಂಬುತ್ತದೆ, ಹುಲ್ಲು ಹೆಣೆಯುತ್ತದೆ,
ಎದುರು ಬಂದ ಟ್ರಾಕ್ಟರಿಗೆ ದಾರಿ ಬಿಡಲು
ಯಾರೋ ಕಾರು ಇಳಿಸಿ ಮೆಟ್ಟುತ್ತಾರೆ.
ಮತ್ತೆ ಬುಧವಾರ, ಮತ್ತೆ ಪೆನ್ಸಿಲು.

ಉಳಿದವನ್ನು ನಾನೇ ತೋಡಿದೆ, ಸೊಟ್ಟಸೊಟ್ಟಗೆ.
ಐದನೆಯದರ ಬಾಯಿಗೆ ಬಂದ ನೀರು
ಒಳಗೊಮ್ಮೆ ಇಣುಕಿ, ಸುತ್ತಿ,
ವಾಪಸು ರಸ್ತೆಗೇ ಹೋಯಿತು.
ಗೋಡೆಗೊರಗಿ ನಿಂತಿದ್ದ ಸೆಪ್
ಸಲಿಕೆ ಕೇಳಲಿಲ್ಲ.
'ಅದಕ್ಕೆ ಅರ್ಥ ಆಗಲಿಲ್ಲ,' ಅಂದ.
'ಇನ್ನೊಮ್ಮೆ ಹೇಳು.'