ಎರಡು ತೂತು

ಮುನ್ನೂರು ಪೌಂಡಿನ ಟೀ ಶರ್ಟು.
ಎದೆಯ ಮೇಲೆ ಒಂದಕ್ಷರ ಇಲ್ಲ,
ಇಲ್ಲದ್ದಕ್ಕೇ ಆ ಬೆಲೆ.

ಲೆಸ್ಟರಿನ ನನ್ನ ರಫೂ ಅಂಗಡಿಯ ಮೇಜಿಗಿಟ್ಟು
ಆಲ್ಡರ್ಟನ್ ಸಾಹೇಬರು
"ಹುಳ ತಿಂದಿದೆ" ಅಂದರು.

ಎಳೆಯ ಉದ್ದ ಬೆರಳಿಗೆ ಗೊತ್ತಾಗುತ್ತದೆ,
ಬತ್ತಿ ಹೊಸೆದ ಬೆರಳು ಇದು.
ಯಾವುದೋ ದ್ವೀಪದಲ್ಲಿ ಹಿಡಿಯಷ್ಟು ಬೆಳೆಯುವ ಹತ್ತಿಯಂತೆ;
ಹಾಲಿನ ಕೆನೆ ಮಡಚಿಟ್ಟ ಹಾಗೆ ಬಿದ್ದಿತ್ತು.

ಹುಳ ತಿನ್ನುವುದು ಉಣ್ಣೆಯನ್ನು.
ಇಲ್ಲಿ ಸಾಸಿವೆಯಷ್ಟರ ಎರಡು ತೂತು, ಅಕ್ಕಪಕ್ಕ,
ಎಡಗಡೆ,
ಹೆಸರಿನ ಬಿಲ್ಲೆ ಚುಚ್ಚಿಕೊಳ್ಳುವ ಜಾಗದಲ್ಲಿ.
ಇದನ್ನು ತೊಟ್ಟು ಯಾರು ಹೋದರು, ಯಾವ ಕೆಲಸಕ್ಕೆ?

ಕೇಳಲಿಲ್ಲ.
ಅಂಚಿನ ಒಳಮಡಿಕೆಯಿಂದ ಅದರದೇ ಎಳೆ ಬಿಚ್ಚಿ
ಅದರದೇ ಬಾಯಿ ಮುಚ್ಚಿದೆ.

ದುಡ್ಡು ಕೊಟ್ಟ ಮೇಲೂ ಬಾಗಿಲಲ್ಲೇ ನಿಂತಿದ್ದರು.
"ಈ ವರ್ಷ ಹುಳ ಜಾಸ್ತಿ," ಅಂದೆ.
"ಜಾಸ್ತಿ," ಅಂದರು.