ಅರ್ಧ ಗ್ರೇ

ಕೊನೆಯ ಕ್ಯಾನ್ಸರ್ ರೋಗಿ ಮನೆಗೆ ಹೋದಮೇಲೆ
ನೆಲವನ್ನು ಎರಡು ಸಲ ಒರೆಸಿ
ಯದೊಲ್ಲಾನನ್ನು ಕೆಳಗಿಳಿಸಿದೆವು.
ಲಿಫ್ಟಿನಲ್ಲಿ ನಾಲ್ವರು: ಅವನು, ನಾನು, ನರ್ಸ್ ಫರ್ಖೊಂದೆ,
ಮತ್ತೆ ಆಮ್ಲಜನಕದ ಸಿಲಿಂಡರು.

ಎಪ್ಪತ್ತೆಂಟರ ಮುದುಕ. ಯಜ್ದ್ ಸೀಮೆಯ ಮರಳಡಿ
ನಲವತ್ತು ವರ್ಷ ಕನಾತ್ ತೋಡಿದವನು,
ನೆಲದ ಹೊಟ್ಟೆಯಲ್ಲಿ ಮೊಣಕಾಲೂರಿ
ಬೆಟ್ಟದ ನೀರನ್ನು ಊರಿಗೆ ಕರೆತರುವ ಕಸುಬು.
ಈಗ ಎದೆಯ ಚಿತ್ರದಲ್ಲಿ ಎರಡೂ ಕಡೆ ಒಡೆದ ಹಾಲು.
ಬೆರಳ ಮೇಲೆ ಕೆಂಪು ಅಂಕಿ: ಎಂಬತ್ತೆರಡು.

"ಎಷ್ಟು ಆಳ?" ಮಾಸ್ಕಿನೊಳಗಿಂದ ಕೇಳಿದ.
ಎರಡು ಅಂತಸ್ತು ಎಂದೆ.
ಇಷ್ಟೇನಾ ಎಂಬಂತೆ ಹುಬ್ಬು.

ನನ್ನ ಬಿಳಿ ಉಡುಪನ್ನು ಅಡಿಯಿಂದ ಮುಡಿವರೆಗೆ ನೋಡಿದ.
"ನಾವೂ ಬಿಳಿಯನ್ನೇ ಉಡುತ್ತಿದ್ದೆವು ಇಳಿಯುವಾಗ.
ಮಣ್ಣು ಕುಸಿದರೆ
ಬೇರೆ ಕಫನ್ನಿನ ಖರ್ಚಿಲ್ಲ."
ಫರ್ಖೊಂದೆ ನಕ್ಕಳೋ, ಕನ್ನಡಕಕ್ಕೆ ಹಬೆ ಕಟ್ಟಿತೋ.

ಈ ಯಂತ್ರ ನನಗೆ ಹನ್ನೊಂದು ವರ್ಷದ ಗುರುತು.
ಗಡ್ಡೆಗಾದರೆ ಅರವತ್ತು ಗ್ರೇ,
ದಿನಕ್ಕೆರಡರಂತೆ ಆರು ವಾರ ಸುಡುತ್ತದೆ.
ಇವತ್ತು ಅರ್ಧ. ಒಂದೇ ಸಲ.
ಕೊಡಲಿಯ ಕಾವಿನಿಂದ ಬಾಗಿಲು ತಟ್ಟಿದ ಹಾಗೆ.
ಪೆನಿಸಿಲಿನ್ ಬರುವ ಮುಂಚೆ, ಅಜ್ಜಂದಿರ ಕಾಲದಲ್ಲಿ,
ನ್ಯುಮೋನಿಯಾಕ್ಕೆ ಹೀಗೇ ಕ್ಷಕಿರಣ ಹಿಡಿಯುತ್ತಿದ್ದರಂತೆ.
ವೈರಸ್ಸನ್ನು ಇದು ಕೊಲ್ಲುವುದಿಲ್ಲ, ಎಂದಿದ್ದರು ಡಾಕ್ಟರ್ ಸೂದಾಬೆ;
ಅದನ್ನು ಹುಡುಕುತ್ತ ತನ್ನ ಮನೆಗೇ ಬೆಂಕಿಯಿಟ್ಟುಕೊಂಡ
ಮೈಯ ಕೋಪಕ್ಕೆ, "ಸಾಕು, ಕೂತ್ಕೋ" ಎನ್ನಬಹುದು.
ಬಹುದು.
ಒಪ್ಪಿಗೆ ಪತ್ರದಲ್ಲಿ ಆ ಮಾತು ಮೂರು ಕಡೆ ಇತ್ತು.

"ದೀಪ ಎಲ್ಲಿ?" ಎಂದ, ನಾನು ಹೊರಡುವಾಗ.
ಬಾವಿಗೆ ಮೊದಲು ದೀಪ ಇಳಿಬಿಡುತ್ತಿದ್ದರಂತೆ:
ಉರಿದರೆ ಗಾಳಿ ಉಂಟು,
ಆರಿದರೆ ಹಗ್ಗ ಎಳಿ.
ಬಾಗಿಲ ಮೇಲಿನ ಬಲ್ಬು ತೋರಿಸಿದೆ.
ಕೆಂಪಾಗುತ್ತೆ, ಹೆದರಬೇಡಿ.

ಸೀಸದ ಬಾಗಿಲು ಮುಚ್ಚಿತು.
ಪರದೆಯಲ್ಲಿ ಅವನ ಎದೆ, ಚಿಕ್ಕದಾಗಿ, ಬೇಗಬೇಗ.
ಮುಂದಿನಿಂದ ಹನ್ನೆರಡು ಸೆಕೆಂಡು,
ಯಂತ್ರ ಸುತ್ತಿಬಂದು ಬೆನ್ನಿನಿಂದ ಹನ್ನೆರಡು.
ಏನೂ ಅನ್ನಿಸಲಿಲ್ಲ ಅಂದ.
ಯಾರಿಗೂ ಅನ್ನಿಸುವುದಿಲ್ಲ.

ಬೆಳಿಗ್ಗೆ ಎಂಬತ್ತೊಂಬತ್ತು!
ಓಡಿಹೋಗಿ ಹೇಳಿದೆ. ಸೂದಾಬೆ ಪೆನ್ನಿನ ಮುಚ್ಚಳ ತೆಗೆಯದೆ
"ಇದರಿಂದಲೇ ಅಂತ ಬರೀಬೇಡ" ಎಂದರು.
ಪಕ್ಕದ ಲಾರಿ ಡ್ರೈವರನಿಗೂ ಅದೇ ಅರ್ಧ, ಅದೇ ಹನ್ನೆರಡು;
ಅವನ ಹಾಸಿಗೆಗೆ ಆಗಲೇ ಹೊಸ ಚಾದರ.
ಕಿಟಕಿಯ ಬಳಿಯ ಹೆಂಗಸನ್ನು ನಾವು ಕೆಳಗೆ ಒಯ್ದೇ ಇರಲಿಲ್ಲ,
ಅವಳೂ ಎದ್ದು ಕೂತಿದ್ದಳು, ರೊಟ್ಟಿ ಕೇಳುತ್ತ.

ರಿಜಿಸ್ಟರಿನಲ್ಲಿ ಹೆಸರು, ಹೊತ್ತು, ಅರ್ಧ ಎಂದಷ್ಟೇ ಬರೆದೆ.

"ಆ ಕೆಂಪು ದೀಪ," ಯದೊಲ್ಲಾ ಕರೆದ, "ಆಮೇಲೆ ಆರಿತೇನು?"
ಆರಿತು ಅಂದೆ.
ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ.
"ಮತ್ತೆ ಹಗ್ಗ ಎಳೆದವರು ಯಾರು?"